ಮೊಮ್ಮಗಳ ಕಂಕಣಕ್ಕೆ ಕರಿ ಉಣ್ಣೆ

ಉಣ್ಣೆ ತೊಳೆಯುವುದು ನನಗೆ ಗೊತ್ತಿರಲಿಲ್ಲ. ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ, ಕೊಟ್ಟಿದ್ದೂ ಅಂಥ ಮನೆಗೇ, ಆದರೂ ಇದನ್ನು ಹೇಳಲು ನಾಚಿಕೆಯಿಲ್ಲ. ನಮ್ಮಲ್ಲಿ ಯಾರೂ ಉಣ್ಣೆ ತೊಳೆಯುವುದಿಲ್ಲ, ಕುರಿ ತೊಳೆಯುತ್ತೇವೆ. ಕಾಲುವೆಗೆ ಇಳಿಸಿ, ಮೈ ತಿಕ್ಕಿ, ಬಿಸಿಲಿಗೆ ಒಣಗಿದ ಮೇಲೆ ಕತ್ತರಿ ಹಾಕುವುದು. ಉಣ್ಣೆ ನನ್ನ ಕೈಗೆ ಬರುವಾಗಲೇ ಶುಚಿ. ಹಿಂಜುವುದು, ನೂಲುವುದು, ಇಷ್ಟೇ ನನ್ನ ಕೆಲಸ.

ಮೊಮ್ಮಗಳ ಮದುವೆ ಗೊತ್ತಾಯಿತು. ನಮ್ಮದು ಉಣ್ಣೆ ಕಂಕಣದ ಮನೆ. ಮದುಮಗಳ ಕೈಗೆ ಅರಿಶಿನ ಕೊಂಬು ಕಟ್ಟುವ ದಾರವನ್ನು ಮನೆಯ ಹಿರಿಯಳೇ ಕರಿ ಉಣ್ಣೆಯಿಂದ ನೂಲಬೇಕು. ಐದನೆಯ ದಿನ ಬಿಚ್ಚುವ ತನಕ ಅದು ಹರಿಯಬಾರದು. ಕುರುಗೋಡಿನ ಬೀಗರದು ಹತ್ತಿ ಕಂಕಣ. ಹುಡುಗಿಗೆ ನಮ್ಮದು, ಹುಡುಗನಿಗೆ ಅವರದು ಎಂದು ಮಾತಾಗಿತ್ತು. ಆದರೂ ಬೀಗಿತಿ ಬಿಡಲಿಲ್ಲ.

"ನಿಮ್ದು ಹರೀತಂದ್ರ ಹೆದರಬ್ಯಾಡ್ರಿ. ನಮ್ಮ ಹತ್ತಿ ದಾರ ಸೆರಗಿನ್ಯಾಗ ಕಟ್ಕೊಂಡೇ ಇರ್ತೀನಿ."

ಆ ಸೆರಗಿನ ಗಂಟು ಬಿಚ್ಚಿಸಬಾರದು ಎಂದು ಅಂದೇ ನಿಶ್ಚಯಿಸಿದೆ.

ಸಿರುಗುಪ್ಪದ ಕಡೆಯಿಂದ ನನ್ನ ತಮ್ಮ ಒಂದು ಚೀಲ ಉಣ್ಣೆಯನ್ನು ಗಾಂಧಿನಗರದಲ್ಲಿ ನಾನಿರುವ ನನ್ನ ಮಗನ ಮನೆಗೆ ತಂದಿಳಿಸಿದ. "ಕಾಲುವಿ ಬಂದ್ ಐತಿ ಅಕ್ಕಾ, ಹಂಗೇ ಕತ್ತರಿಸೀನಿ," ಎಂದು ಹೇಳಿ ಬಸ್ಸಿಗೆ ಓಡಿದ. ಚೀಲದಲ್ಲಿ ಹಿಕ್ಕೆ, ಮುಳ್ಳು, ಕೈಗೆ ಅಂಟುವ ಜಿಡ್ಡು. ಬಟ್ಟೆ ತೊಳೆದಂತೆಯೇ ಇರಬೇಕೆಂದು ಅರ್ಧ ಉಣ್ಣೆಯನ್ನು ಸುಡುನೀರಿಗೆ ಹಾಕಿ, ಸೋಪಿನ ಪುಡಿ ಸುರಿದು, ಚೆನ್ನಾಗಿ ತಿಕ್ಕಿ ಹಿಂಡಿದೆ. ದಪ್ಪ ರೊಟ್ಟಿಯಂಥದ್ದು ಕೈಗೆ ಬಂತು. ಒಂದು ಎಳೆ ಕೂಡ ಬಿಡಿಸಲಾಗಲಿಲ್ಲ.

"ಅಜ್ಜಿ, ಇದು ಉಣ್ಣಿನೋ ಪಾತ್ರಿ ತಿಕ್ಕೋ ನಾರೋ?" ಮೊಮ್ಮಗಳು ಕೇಳಿದಳು.

"ಮುಚ್ಚಲೇ ಬಾಯಿ. ಮದುಮಗಳಂಗ ಕೂಡು."

ತಮ್ಮನಿಗೆ ಫೋನು ಹಚ್ಚಿದೆ. ಅವನು ನಕ್ಕ. "ಕಾಲುವಿ ನೀರು ಬಿಸಿ ಇರ್ತೈತೇನು ಅಕ್ಕಾ?"

ಇರುವುದಿಲ್ಲ. ಆದರೆ ಕಾಲುವೆಯಲ್ಲೂ ನಾವು ತಿಕ್ಕುತ್ತೇವಲ್ಲ? ಹಾಗಾದರೆ ಕೆಡಿಸಿದ್ದು ಬಿಸಿಯೋ, ತಿಕ್ಕಿದ್ದೋ? ಇದು ತಲೆಯೊಳಗೆ ಹೊಕ್ಕ ಮೇಲೆ ಅನ್ನ ಸೇರಲಿಲ್ಲ. ಮೂರು ಬಟ್ಟಲು ಇಟ್ಟೆ. ಒಂದರಲ್ಲಿ ಬಿಸಿನೀರು, ಉಣ್ಣೆ ಹಾಕಿ ಮುಟ್ಟದೆ ಬಿಟ್ಟೆ. ಇನ್ನೊಂದರಲ್ಲಿ ತಣ್ಣೀರು, ತಿಕ್ಕಿದೆ. ಮೂರನೆಯದರಲ್ಲಿ ನನ್ನದೇ ತಲೆಗೂದಲು, ಬಿಸಿನೀರಲ್ಲಿ ಹಾಕಿ ತಿಕ್ಕಿದೆ.

"ಅಯ್ಯ ಅಜ್ಜಿ, ಯಾರ ಕೂದಲಿದು?"

"ನಂದ. ಇದೂ ರೊಟ್ಟಿ ಆಗ್ತೈತೇನು ನೋಡಾಕತ್ತೀನಿ."

"ಆತೇನು?"

"ಇಲ್ಲ. ಕುರಿದೇ ಬ್ಯಾರೆ."

ಮುಟ್ಟದ ಉಣ್ಣೆ ಬಿಸಿಯಲ್ಲೂ ಬಿಡಿಬಿಡಿಯಾಗಿತ್ತು. ತಣ್ಣೀರಲ್ಲಿ ತಿಕ್ಕಿದ್ದು ಅಲ್ಲಲ್ಲಿ ಸಿಕ್ಕಾಗಿತ್ತು, ಬಿಡಿಸಿದರೆ ಬಿಡುತ್ತಿತ್ತು. ಬಿಸಿಯೂ ತಿಕ್ಕಾಟವೂ ಒಟ್ಟಿಗೆ ಬಿದ್ದರೆ ಮಾತ್ರ ಕುರಿಯ ಕೂದಲು ಒಂದನ್ನೊಂದು ಹಿಡಿದುಕೊಂಡು ಬಿಡುವುದಿಲ್ಲ. ಯಾಕೆ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.

ಉಳಿದರ್ಧ ಉಣ್ಣೆಯನ್ನು ಉಗುರುಬೆಚ್ಚಗಿನ ಅಂಟುವಾಳದ ನೀರಲ್ಲಿ ನೆನೆಹಾಕಿ, ಕೈಕಟ್ಟಿ ಕೂತೆ. ಕೈಕಟ್ಟಿ ಕೂರುವುದೇ ಕಷ್ಟದ ಕೆಲಸ. ಹಿಂಡದೆ ಎತ್ತಿ ಮಾಳಿಗೆಯ ಮೇಲೆ ಹರವಿದೆ. ನೂಲುವಾಗ ಎಳೆ ಮೂರು ಸಲ ಹರಿಯಿತು, ಜಿಡ್ಡು ಪೂರ್ತಿ ಹೋಗಿತ್ತು. ಬೆರಳಿಗೆ ಶೇಂಗಾ ಎಣ್ಣೆ ಸವರಿಕೊಂಡೆ. ಆಮೇಲೆ ಕದಿರು ನನ್ನ ಮಾತು ಕೇಳಿತು. ಎರಡೆಳೆ ಕೂಡಿಸಿ ಹುರಿ ಮಾಡಿದೆ.

ಮದುವೆಯಾಯಿತು. ಐದು ದಿನ ಹುಡುಗಿಗೆ ಅರಿಶಿನ ತಿಕ್ಕಿದರು, ಬಿಸಿನೀರು ಎರೆದರು. ಐದನೆಯ ದಿನ ಕುರುಗೋಡಿನಲ್ಲಿ ಕಂಕಣ ಬಿಚ್ಚುವ ಶಾಸ್ತ್ರ. ಒಂದೇ ಕೈಯಲ್ಲಿ ಬಿಚ್ಚಬೇಕು. ಮೊಮ್ಮಗಳು ಗಂಡನ ಹತ್ತಿ ದಾರವನ್ನು ಎಳೆದಷ್ಟಕ್ಕೇ ಬಿಚ್ಚಿದಳು. ಅವನು ಉಣ್ಣೆಯ ಗಂಟಿಗೆ ಉಗುರು ಹಾಕಿ ಬೆವರಿದ.

"ಕತ್ತರಿ ತರ್ರಿ," ಎಂದಳು ಬೀಗಿತಿ.

"ಕತ್ತರಿ ಹಾಕಂಗಿಲ್ರಿ," ಎಂದೆ ನಾನು.

ಬಗ್ಗಿ ನೋಡಿದೆ. ಹುರಿಯ ಎರಡೆಳೆ, ಮೇಲಿನ ಗಂಟು ಎಲ್ಲ ಒಂದಾಗಿ ಕೂತಿದ್ದವು, ನಾನು ಕೆಡಿಸಿದ ರೊಟ್ಟಿಯ ಹಾಗೆಯೇ. ಬಿಸಿನೀರು, ತಿಕ್ಕಾಟ, ಐದು ದಿನ. ನಮ್ಮಲ್ಲಿ ಮೊಟ್ಟಮೊದಲು ಉಣ್ಣೆ ಕಟ್ಟಿದ ಹೆಂಗಸಿಗೆ ಇದು ತಿಳಿದಿತ್ತೋ, ಮನೆಯಲ್ಲಿ ಬೇರೆ ದಾರವೇ ಇರಲಿಲ್ಲವೋ, ಯಾರಿಗೆ ಗೊತ್ತು?

ಹುಡುಗ ಕೊನೆಗೆ ಹಲ್ಲು ಹಚ್ಚಿದ. ಎಲ್ಲರೂ ನಕ್ಕರು. ಬಹಳ ಹೊತ್ತಿಗೆ ಗಂಟು ಸಡಿಲವಾಯಿತು. ದಾರ ಹರಿಯಲಿಲ್ಲ. ಬೀಗಿತಿ ತನ್ನ ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕಕ್ಕೆ ಬಂದು ಕೂತಳು.

"ಹೆಂಗ ತೊಳದ್ರಿ ಅದನ್ನ?" ಎಂದಳು.