ಕೇಳುವ ಮೊದಲೇ ತಂದಿಟ್ಟದ್ದು

ಆರು ವರ್ಷದಿಂದ ಲ್ಯಾಬಿನಲ್ಲೇ ಬೇರು ಬಿಟ್ಟವಳನ್ನು ಮನೆಯವರು ಆಗಲೇ "ಡಾಕ್ಟರಮ್ಮ" ಎಂದು ಛೇಡಿಸುತ್ತಿದ್ದರು. ಡಾಕ್ಟರೇಟ್ ಮಾತ್ರ ಇನ್ನೂ ಬಂದಿರಲಿಲ್ಲ. ಅವಳ ಸಂಶೋಧನೆ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣಸಂಕಟ. ಕಂಪ್ಯೂಟರಿನ ಮೆಮೊರಿ ನಿಧಾನ. ಪ್ರೊಸೆಸರ್ ಮುಂದೆ ಏನು ಕೇಳುತ್ತದೆಂದು ಊಹಿಸಿ ಮೊದಲೇ ತಂದಿಟ್ಟರೆ ಕಾಯುವುದು ತಪ್ಪುತ್ತದೆ. ಹಾಗೆ ಊಹಿಸುವ ಪುಟ್ಟ ಮಾಡೆಲ್ಲಿಗೆ ಅವಳು ಪಾಠ ಹೇಳುತ್ತಿದ್ದಳು.

ಬೇರೆಯವರ ಮಾಡೆಲ್ಲುಗಳು ನೂರಕ್ಕೆ ಎಪ್ಪತ್ತು ಸಲ ಸರಿ ಊಹಿಸಿದರೆ ಅದೇ ಹೆಚ್ಚು. ಇವಳದು ತೊಂಬತ್ತೊಂಬತ್ತು! ಗೈಡ್ ಮೇಡಂ ಹಿರಿಹಿರಿ ಹಿಗ್ಗಿದರು, ಪೇಪರ್ ಪ್ರಕಟವಾಯಿತು, ಥೀಸಿಸ್ ಒಪ್ಪಿಸಲು ಹತ್ತೇ ದಿನ ಉಳಿದಿತ್ತು.

ಒಂದು ಮಧ್ಯಾಹ್ನ ಅಕ್ಕ ಲ್ಯಾಬಿಗೆ ಬಂದಳು. "ಅಂತೂ ಮುಗೀತಾ ನಿನ್ನ ಪುರಾಣ? ಸ್ವಲ್ಪ ಸರ್ಕೋ, ನಂದೊಂದು ರಜಾ ಅರ್ಜಿ ಟೈಪ್ ಮಾಡ್ಕೋತೀನಿ," ಎಂದು ಇವಳನ್ನು ಎಬ್ಬಿಸಿ ಕುಳಿತಳು. ಮಾಡೆಲ್ ಆ ಯಂತ್ರದಲ್ಲೇ ಓಡುತ್ತಿತ್ತು; ಅದರ ಊಹೆ ನೂರಕ್ಕೆ ಎಷ್ಟು ಸರಿಯೆಂದು ಪರದೆಯ ಮೂಲೆಯಲ್ಲಿ ತೋರಿಸುತ್ತಿದ್ದ ಅಂಕಿ ಜಾರತೊಡಗಿತು. ಎಂಬತ್ತು, ಅರವತ್ತು, ನಲವತ್ತು.

"ಏನೇ ಇದು, ಈ ಮೆಷಿನ್‌ಗೆ ನನ್ನ ಕಂಡ್ರೆ ಆಗಲ್ವಾ?"

ಅಕ್ಕನನ್ನು ಎಬ್ಬಿಸಿ ಇವಳು ಕುಳಿತು ನಾಲ್ಕು ಸಾಲು ಟೈಪ್ ಮಾಡಿದಳು. ಮತ್ತೆ ತೊಂಬತ್ತೊಂಬತ್ತು.

ಆಗ ಹೊಳೆಯಿತು. ಮಾಡೆಲ್ಲಿನ ಪಾಠಕ್ಕೂ ಪರೀಕ್ಷೆಗೂ ದಾಖಲೆ ತೆಗೆದದ್ದು ಇದೇ ಯಂತ್ರದಿಂದ, ಅದೂ ತಾನು ಕೆಲಸ ಮಾಡುತ್ತಿರುವಾಗ. ಮಾಡೆಲ್ ಪ್ರೋಗ್ರಾಮುಗಳನ್ನು ಬಿಟ್ಟು ಇವಳನ್ನೇ ಕಲಿತುಬಿಟ್ಟಿತ್ತು.

ಅಕ್ಕ ಹೋದ ಮೇಲೆ ಮೇಡಂಗೆ ಮೇಲ್ ಬರೆದಳು: ಫಲಿತಾಂಶ ತಪ್ಪು. ಊಹೆಗಳನ್ನು ತೋರಿಸುವ ಪರದೆಯ ಪಕ್ಕದ ಪಟ್ಟಿಯಲ್ಲಿ ಮಾಡೆಲ್ ಮುಂದಿನದನ್ನು ಆಗಲೇ ತಂದಿಟ್ಟಿತ್ತು, ಅಳಿಸುವುದಕ್ಕೆ ಬೇಕಾದದ್ದನ್ನು. ಅಳಿಸುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಕೆಳಗೆ ನೋಡಿದರೆ ಬೆರಳು ಡಿಲೀಟ್ ಕೀ ಮೇಲಿತ್ತು. ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಪ್ರತಿ ಸಲವೂ ಅದು ಒಂದು ಕ್ಷಣ ಮುಂದಿತ್ತು. ಆರು ವರ್ಷದಲ್ಲಿ ಮೇಡಂಗೆಂದು ಬರೆದು ಕಳಿಸದೆ ಅಳಿಸಿದ ಅನುಮಾನಗಳೆಷ್ಟೋ, ಅಷ್ಟೂ ಅದಕ್ಕೆ ಬಾಯಿಪಾಠ. ಬೆನ್ನ ಹಿಂದೆ ಯಾರೋ ನಿಂತು ಓದುತ್ತಿರುವ ಹಾಗೆನಿಸಿತು.

ಎದ್ದಳು. ಕಾರಿಡಾರ್ ದಾಟಿ ಮೇಡಂ ಕೋಣೆಯ ಬಾಗಿಲು ತಟ್ಟಿದಳು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

ಮೇಡಂ ಕನ್ನಡಕ ತೆಗೆದಿಟ್ಟರು. "ಪೇಪರ್ ವಾಪಸ್ ತಗೋಬೇಕಾಗುತ್ತೆ. ಇನ್ನೂ ಎರಡು ವರ್ಷ ಹಿಡಿಯುತ್ತೆ. ಗೊತ್ತು ತಾನೆ?"

"ಗೊತ್ತು ಮೇಡಂ."

"ನನಗೆ ಹೋದ ತಿಂಗಳೇ ಅನುಮಾನ ಬಂದಿತ್ತು," ಎಂದರು ಮೇಡಂ, ಕಿಟಕಿಯಾಚೆ ನೋಡುತ್ತ. "ನೀನು ಬಾಯಿ ಬಿಡಲ್ಲ ಅಂದ್ಕೊಂಡಿದ್ದೆ."

ಆರು ವರ್ಷದಲ್ಲಿ ಮೊದಲ ಸಲ, ಹೇಳಿಸಿಕೊಳ್ಳದೆ, ಅವಳು ಮೇಡಂ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು.