ಹುಳು ಮೇಯುವ ಸದ್ದು

ಪಟ್ಟಲಮ್ಮ ನಾಗಮಣಿಯನ್ನು ಮೊದಲು ಕಂಡದ್ದು ಯಲಿಯೂರಿನಲ್ಲಿ, ರೈಲು ದಾರಿಗೆ ಅಂಟಿಕೊಂಡಂತಿದ್ದ ಮನೆಯಲ್ಲಿ. ಮಗ ಸಿದ್ದರಾಜುವಿಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿ ಕಾಫಿ ಕೊಟ್ಟು ಚಾಪೆಯ ಮೂಲೆಯಲ್ಲಿ ಕೂತಳು. ಒಂದೆರಡು ಮಾತಿಗೆ ಉತ್ತರ ಕೊಟ್ಟವಳು ಇದ್ದಕ್ಕಿದ್ದಂತೆ ಎದ್ದು ಹೋಗಿ ಹಿತ್ತಲ ಕಿಟಕಿ ಮುಚ್ಚಿ ಬಂದಳು. ಬೆವರು ಕಿತ್ತುಕೊಂಡು ಬರುವ ಸೆಕೆ.

"ಯಾಕವ್ವ ಮುಚ್ದೆ?" ಎಂದು ಪಟ್ಟಲಮ್ಮ ಕೇಳಿದಳು.

"ಆಚೆ ಮಾತಾಡ್ತಾವ್ರೆ."

ಹುಡುಗಿಯ ತಾಯಿ ನಕ್ಕಳು. "ಪಕ್ಕದ್ ಮನೆ ಐಕ್ಳು ಕಣಕ್ಕ, ಒಂದೇ ಸಮ ಗಲಾಟೆ."

ಪಟ್ಟಲಮ್ಮ ಕೈಕಾಲು ತೊಳೆಯಲು ಆಗಷ್ಟೇ ಹಿತ್ತಲಿಗೆ ಹೋಗಿ ಬಂದಿದ್ದಳು. ಅಲ್ಲಿ ಒಂದು ತಿಪ್ಪೆ, ಕಟ್ಟಿದ್ದ ಒಂದು ಎಮ್ಮೆ. ಮಕ್ಕಳಿರಲಿಲ್ಲ.

ಅಷ್ಟರಲ್ಲಿ ಮೈಸೂರಿನ ಕಡೆಯ ರೈಲು ಬಂತು. ಹಲಗೆಯ ಮೇಲಿನ ಪಾತ್ರೆಗಳು ಅದುರಿದವು. ಗಂಡಸರು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಬೇಸರದಿಂದ ಕಾದರು. ಆ ಹುಡುಗಿಯ ಮುಖ ಮಾತ್ರ ಬಿಚ್ಚಿಕೊಂಡಿತು. ಹಣೆಯ ಗೆರೆ ಹೋಯಿತು, ಕಣ್ಣು ಅರ್ಧ ಮುಚ್ಚಿತು, ತಲೆಹೊರೆ ಇಳಿಸಿ ಕೂತವಳ ಹಾಗೆ. ರೈಲು ದಾಟಿದ ಮೇಲೆ ಗೆರೆ ಮತ್ತೆ ಮೂಡಿತು. ಪಟ್ಟಲಮ್ಮ ಅದನ್ನು ನೋಡಿದಳು. ಏನೆಂದು ತಿಳಿಯಲಿಲ್ಲ, ಮರೆಯಲೂ ಇಲ್ಲ.

ಅವರ ಊರು ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರಿನಿಂದ ಆಚೆ. ಅಲ್ಲಿಗೆ ರೈಲಿನ ಕೂಗೂ ಬರುವುದಿಲ್ಲ. ಸಿದ್ದರಾಜು ಅಪ್ಪ ಬಿಟ್ಟುಹೋದ ಹೊಲಕ್ಕೆ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುತ್ತಿದ್ದ. ಮನೆಯ ಹಿಂದೆ ಶೀಟು ಹೊದಿಸಿದ ಹುಳುವಿನ ಮನೆ. ಒಳಮನೆಯ ಗೋಡೆಯ ಮೇಲೆ ಬುದ್ಧನ ಪಟ. ಪಟ್ಟಲಮ್ಮನ ಗಂಡ ಅಂಕಯ್ಯ ಬದುಕಿದ್ದಾಗ ತಂದು ತೂಗುಹಾಕಿದ್ದು. ಅಂದಿನಿಂದ ಆ ಮನೆಯಲ್ಲಿ ಹರಕೆ, ತಾಯಿತ, ಶಕುನ ಯಾವುದೂ ಇರಲಿಲ್ಲ.

ನಾಗಮಣಿ ಸೊಸೆಯಾಗಿ ಬಂದ ಮೇಲೆ ಕಿಟಕಿಗಳು ಮುಚ್ಚತೊಡಗಿದವು. ಮೊದಲು ಅಡುಗೆಮನೆಯದು, ಆಮೇಲೆ ನಡುಮನೆಯದು. ಒಬ್ಬಳೇ ಇದ್ದಾಗ ಯಾರಿಗೋ ಎದುರು ಮಾತು ಕೊಡುತ್ತಿದ್ದಳು. ಇನ್ನೊಬ್ಬರು ಬಡಿಸಿದ ಅನ್ನ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಣೆಯಾದಳು. ಹುಡುಕಿದರೆ ಹಿಪ್ಪುನೇರಳೆ ಸಾಲಿನ ನಡುವೆ, ಕಿವಿಗೆ ಬಟ್ಟೆ ತುರುಕಿಕೊಂಡು, ಮಂಡಿಗೆ ತಲೆ ಒತ್ತಿ ಕೂತಿದ್ದಳು. "ನನ್ನೆಸ್ರು ಇಡ್ದು ಬಯ್ತಾವ್ರೆ ಅತ್ತೆ. ಬುಡಾಕೇ ಇಲ್ಲ."

ಪಕ್ಕದ ಹೊಲದ ನಾಗಯ್ಯ ಗುಡ್ಡದ ದೇವರಿಗೆ ಕರೆದುಕೊಂಡು ಹೋಗಿ ದೆವ್ವ ಬಿಡಿಸಲು ಹೇಳಿದ. ಸಿದ್ದರಾಜು ಕೆರಳಿದ. "ನಮ್ಮಪ್ಪ ಬುಟ್ಟ ದಾರೀಗೆ ನಾನ್ ವಾಪಸ್ ಓಗಾಕಿಲ್ಲ ಕಣಣ್ಣೋ." ಮಾರನೆಯ ದಿನವೇ ಹೆಂಡತಿಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ದ. ಮನಸ್ಸಿನ ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ, ಆದರೆ ಬಿಡದೆ ತೆಗೆದುಕೊಳ್ಳಬೇಕು ಎಂದರು ಅಲ್ಲಿನ ಡಾಕ್ಟರಮ್ಮ.

ಮಾತ್ರೆಗೆ ಬಗ್ಗಿತು. ನಾಗಮಣಿ ತಿಂದಳು, ನಿದ್ದೆ ಮಾಡಿದಳು, ನಗಲು ಕಲಿತಳು. ಮಾತ್ರೆ ಒಂದಿಷ್ಟು ಕಿತ್ತುಕೊಂಡಿತು ಕೂಡ. ಬಾಯಿ ಒಣಗುತ್ತಿತ್ತು, ಮೈ ಬಂತು, ಬಿಸಿಲು ಏರುವ ತನಕ ಏಳಲಾಗುತ್ತಿರಲಿಲ್ಲ, ಲೋಟ ಹಿಡಿದರೆ ಕೈ ನಡುಗುತ್ತಿತ್ತು. "ಅವ್ರು ಓಗಿಲ್ಲ ಅತ್ತೆ, ಬೇಲಿ ಆಚೆ ನಿಂತವ್ರೆ ಅಷ್ಟೆ" ಎಂದಳು ಒಂದು ದಿನ, ಮಳೆಯ ವಿಷಯ ಹೇಳುವಷ್ಟು ಸಲೀಸಾಗಿ.

ಅವರು ಬೇಲಿಯ ಆಚೆಗೂ ಇಲ್ಲದ ಜಾಗ ಒಂದೇ ಇತ್ತು: ಹುಳುವಿನ ಮನೆ. ದೊಡ್ಡ ಹುಳುಗಳು ಸೊಪ್ಪು ಮೇಯುವಾಗ ಒಂದು ಸದ್ದು ಹೊರಡುತ್ತದೆ, ಶೀಟಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಬಿಡುವಿಲ್ಲದೆ. ನಾಗಮಣಿ ಮೊದಲ ಸಲ ಸೊಪ್ಪಿನ ಹೊರೆ ಹೊತ್ತು ಒಳಗೆ ಹೋದವಳು ಹೊರೆ ಇಳಿಸುವುದನ್ನೇ ಮರೆತು ನಿಂತುಬಿಟ್ಟಳು. ಪಟ್ಟಲಮ್ಮ ನೋಡಿದಳು. ಅದೇ ಮುಖ, ಯಲಿಯೂರಿನಲ್ಲಿ ರೈಲು ಹಾದಾಗಿನ ಮುಖ. ಬಿಡುವಿಲ್ಲದ ಸದ್ದಿನಲ್ಲಿ ಆ ಬಯ್ಯುವ ದನಿಗಳು ಮುಳುಗುತ್ತವೆ ಎಂದು ಅವತ್ತು ಅವಳಿಗೆ ತಿಳಿಯಿತು, ರೈಲಿನದೂ ಹುಳುವಿನದೂ ಒಟ್ಟಿಗೆ.

ಅಂದಿನಿಂದ ಹುಳುವಿನ ಮನೆ ನಾಗಮಣಿಯದಾಯಿತು. ಮಾತ್ರೆ ನುಂಗುತ್ತಲೇ ಮೂರು ಬೆಳೆ ಎತ್ತಿದಳು.

ದೇವರಿಗೆ ಹೆದರದ ಮನೆ ಹುಳುವಿಗೆ ಹೆದರುತ್ತಿತ್ತು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಬೀಡಿ ಸೇದಿದವರು, ಗಿಡಕ್ಕೆ ಔಷಧಿ ಹೊಡೆದವರು, ಒಗ್ಗರಣೆ ಹಾಕಿದ ಕೈ, ಯಾರಿಗೂ ಪ್ರವೇಶವಿಲ್ಲ. ವಾಸನೆಗೆ ಸಾಯುವ ಜೀವ ಅದು. ನಾಲ್ಕನೆಯ ಬೆಳೆ ಬಿರುಬೇಸಿಗೆಯಲ್ಲಿ ಬಂತು. ಹಣ್ಣಾಗಿ ಗೂಡು ಕಟ್ಟಬೇಕಾದ ಹೊತ್ತಿಗೆ ಹುಳುಗಳು ಊದಿಕೊಂಡು, ಹಾಲಿನಂಥ ನೀರು ಒಸರಿ, ಅಟ್ಟಣೆಯ ಅಂಚಿಗೆ ಹರಿದು ಬಂದು ಉದುರತೊಡಗಿದವು. ಸಿದ್ದರಾಜು ಬುಟ್ಟಿಗಟ್ಟಲೆ ಗುಂಡಿಗೆ ಸುರಿದು ಸುಣ್ಣ ಹಾಕಿದ.

ನಾಗಯ್ಯ ಬಾಗಿಲಾಚೆ ನಿಂತು ನೋಡಿ ಹೇಳಿದ. "ಲೇ ಸಿದ್ರಾಜು, ಬೀಡಿ ಸೇದ್ದೆ ಅಂತ ನನ್ನ ವಸ್ಲು ದಾಟಾಕೇ ಬುಡ್ನಿಲ್ಲ ನೀನು. ದಿನಾ ಎರಡೊತ್ತು ಮಾತ್ರೆ ನುಂಗೋ ಕೈನ ಸೊಪ್ಪಿಗೆ ಬುಟ್ಟಿದ್ದೀಯಲ್ಲ! ಅವಳ ಬೆವ್ರಲ್ಲೇ ಅದೆ ಔಸ್ದಿ. ಮನುಸನ ತಲೇನೇ ಮಲುಗ್ಸೋ ಔಸ್ದಿ ಕಣ್ಲಾ, ಉಳ ತಡದಾತಾ?"

"ನಿನ್ ಬೀಡಿ ಒಗೇಗೆ ನಿನ್ನೆಡ್ತೀನೇ ಸತ್ತಿಲ್ಲ, ಓಗಯ್ಯ" ಎಂದಳು ಪಟ್ಟಲಮ್ಮ. ನಾಗಯ್ಯ ನಕ್ಕ. ಸಿದ್ದರಾಜು ನಗಲಿಲ್ಲ. ದೇವರ ವಿಷಯದಲ್ಲಿ ನಾಗಯ್ಯನಿಗೆ ಬೆನ್ನು ಮಾಡಿದವನು ಹುಳುವಿನ ವಿಷಯದಲ್ಲಿ ಕಿವಿ ಕೊಟ್ಟ. ಔಷಧಿ, ಬೆವರು, ವಾಸನೆ: ಅವನಿಗೆ ಇದು ಮೂಢನಂಬಿಕೆಯಂತೆ ಕಾಣಲೇ ಇಲ್ಲ.

"ಓದ್ ಬೆಳೆ ಎತ್ತುದ್ ಮ್ಯಾಕೆ ನೀನು ಉಳದ್ ಮನೆ ತೊಳ್ದಿರ್ನಿಲ್ಲ ಕಣ್ಲಾ" ಎಂದಳು ಪಟ್ಟಲಮ್ಮ. "ಮರಿ ಉಳ ಬಂದ್ಬುಟ್ಟೊ ಅಂತ ಅಂಗೇ ತುಂಬುದ್ಯಲ್ಲ."

"ಅದೂ ಇರ್ಬೋದು, ಇದೂ ಇರ್ಬೋದು. ಒಂದ್ ಬೆಳೆ ಅವಳು ಆಚೆ ಇರ್ಲಿ ಬುಡವ್ವ, ನೋಡಾವ."

ಈ ಸಲ ಸಿದ್ದರಾಜು ಹುಳುವಿನ ಮನೆಯನ್ನು ಮೂಲೆಮೂಲೆಯೂ ತೊಳೆದ. ನಾಗಮಣಿ ಆಚೆ ಉಳಿದಳು. ಹೊಸ ಹುಳು ಬಂದಾಗ ಹುಳುವಿನ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಪಟ್ಟಲಮ್ಮ ಒಂದು ಸಂಜೆ ಹತ್ತಿರ ಹೋಗಿ ನೋಡಿದರೆ ಬೆನ್ನಲ್ಲ, ಕಿವಿ ಕೊಟ್ಟಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಸ್ನಾನ ಮಾಡಿ, ಗಂಡನ ಮುಂದೆ ನಿಂತಳು. "ಡಾಕ್ಟ್ರಿಗೆ ಪೋನ್ ಮಾಡಿದ್ದೆ. ವಾಸಿಯಾಗದೆ, ಮಾತ್ರೆ ನಿಲ್ಸು ಅಂದ್ರು. ನಿಲ್ಸಿ ವಾರಾತು."

ಸಿದ್ದರಾಜು ಅವಳ ಕೈ ನೋಡಿದ. ನಡುಕವಿರಲಿಲ್ಲ. ಯಾವ ಡಾಕ್ಟರು, ಯಾವಾಗ ಎಂದು ಕೇಳಲಿಲ್ಲ. "ಕಾಲ್ ತೊಳ್ಕಂಡು ಬಾ" ಎಂದ.

ಆ ಬೆಳೆ ಬಂದ ಹಾಗೆ ಹಿಂದೆ ಯಾವುದೂ ಬಂದಿರಲಿಲ್ಲ. ಹುಳುಗಳು ಒಂದೇ ಸಮನಾಗಿ, ಮೈತುಂಬಿ ಬೆಳೆದವು. ನಾಗಯ್ಯ ಬಾಗಿಲಾಚೆಯಿಂದಲೇ ಬೀಗಿದ. "ನಾ ಏನಂದೆ? ಈಗ ನೋಡ್ಲಾ ಎಂಗವೆ!" ಸಿದ್ದರಾಜು ಹೆಂಡತಿಯನ್ನು ಬಂದವರಿಗೆಲ್ಲ ತೋರಿಸಿ ಹೊಗಳಿದ. ಪಟ್ಟಲಮ್ಮನ ಕಣ್ಣು ಮಾತ್ರ ಸೊಸೆಯ ಮೇಲೇ ಇತ್ತು. ಸೊಸೆ ಮಲಗುತ್ತಿರಲಿಲ್ಲ. ಕುಡಿಯುವ ನೀರಿನ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಹೇರುತ್ತಿದ್ದಳು. ಸೊಪ್ಪನ್ನು ಒಂದೊಂದೇ ಕಡ್ಡಿ ಮೂಸಿ, ಕೆಲವನ್ನು ಮಾತಿಲ್ಲದೆ ಪಕ್ಕಕ್ಕೆ ಹಾಕುತ್ತಿದ್ದಳು. ನಡುಮನೆಯ ಕಿಟಕಿ ಮತ್ತೆ ಮುಚ್ಚಿತ್ತು.

ಹುಳುಗಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ ಕಲ್ಲಿನಂತೆ ನಿಂತುಬಿಡುತ್ತವೆ. ಬೆಳೆಗೆ ನಾಲ್ಕು ಸಲ ಹೀಗೆ; ಕೊನೆಯದು ಅವತ್ತು. ಹುಳುವಿನ ಮನೆಯಲ್ಲಿ ಸದ್ದಡಗಿತು. ಪಟ್ಟಲಮ್ಮ ಒಳಗೆ ಹೋದಾಗ ನಾಗಮಣಿ ನಡುಮಧ್ಯೆ ನಿಂತು ಎರಡೂ ಕೈಯಲ್ಲಿ ಕಿವಿ ಅದುಮಿಕೊಂಡಿದ್ದಳು. ತುಟಿ ಆಡುತ್ತಿತ್ತು. ಹೆಗಲು ಮುಟ್ಟಿದರೆ ಬೆಂಕಿ ತಗುಲಿದಂತೆ ಹಿಂದಕ್ಕೆ ಹಾರಿದಳು. ಮಾರನೆಯ ದಿನ ಹುಳು ಎದ್ದು ಮೇಯತೊಡಗಿದವು, ಅವಳೂ ಏನೂ ಆಗದವಳಂತೆ ಸೊಪ್ಪು ಹರವಿದಳು.

ಪಟ್ಟಲಮ್ಮ ಲೆಕ್ಕ ಹಾಕಿದಳು. ಇದು ಒಂದು ದಿನದ ಮೌನ. ಇನ್ನೊಂದು ವಾರ ಹುಳು ಮೇಯುತ್ತವೆ, ಆಮೇಲೆ ಹಣ್ಣಾಗಿ ಗೂಡು ಕಟ್ಟಲು ಏರುತ್ತವೆ. ಆ ಮೌನದಿಂದ ಹುಳು ಏಳುವುದಿಲ್ಲ. ಅಷ್ಟರೊಳಗೆ ಈ ಹುಡುಗಿಯ ಹೊಟ್ಟೆಗೆ ಮಾತ್ರೆ ಬೀಳಬೇಕು.

ಹೊಲದಲ್ಲಿ ಸೊಪ್ಪು ಕೊಯ್ಯುವಾಗ ಕೇಳಿದಳು. "ಡಾಕ್ಟ್ರು ಯೋಳ್ನಿಲ್ಲ ಅಲ್ವಾ ಮಗ?"

ನಾಗಮಣಿ ಕುಡುಗೋಲು ನಿಲ್ಲಿಸಲಿಲ್ಲ. "ನುಂಗುದ್ರೆ ಒಳಕ್ಕೆ ಬುಡಾಕಿಲ್ವಲ್ಲ ಅತ್ತೆ. ಒಳಕ್ಕೆ ಬುಡ್ದಿದ್ರೆ ನಾನು ಎಲ್ಲಿಗೋಗ್ಲಿ?"

ಮಗನಿಗೆ ಹೇಳಿದಳು. "ಗೂಡು ಬುಡುಸ್ದ ದಿನಾನೇ ಕರ್ಕೋಯ್ತೀನಿ" ಎಂದ ಅವನು.

"ಅಲ್ಲೀಗಂಟ ಅವಳು ತಡೀಬೇಕಲ್ಲ?"

"ಒಳ್ಳೆ ಬೆಳೆ ಕಣ್ಮುಂದೆ ಇರೋವಾಗ ಅಪಸಕುನ ನುಡೀಬ್ಯಾಡ ಸುಮ್ನಿರವ್ವ."

ಅಂಕಯ್ಯನ ಮನೆಯಲ್ಲಿ ಆ ಮಾತು ಅವಳು ಕೇಳಿದ್ದು ಅದೇ ಮೊದಲು.

ಪಟ್ಟಲಮ್ಮ ಒಬ್ಬಳೇ ಮಂಡ್ಯದ ಬಸ್ಸು ಹತ್ತಿದಳು, ಖಾಲಿ ಮಾತ್ರೆ ಹಾಳೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು. ಡಾಕ್ಟರಮ್ಮ ಹಾಳೆ ನೋಡಿ, ಅವಳ ಮುಖ ನೋಡಿದರು. "ನಾನು ನಿಲ್ಲಿಸಿ ಅಂತ ಹೇಳಿಲ್ಲ ಕಣಮ್ಮ. ತಡ ಮಾಡಬೇಡಿ, ಇವತ್ತೇ ಕರ್ಕೊಂಡು ಬನ್ನಿ."

ಊರಿನಲ್ಲಿ ಬಸ್ಸಿಳಿದಾಗ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹುಳು ಒಂದು ದಿನ ಮುಂಚೆಯೇ ಹಣ್ಣಾಗಿದ್ದವು. ಕೂಲಿಯ ಹೆಂಗಸರು ಬಾಗಿಲ ಬಳಿ ಗುಂಪಾಗಿ ನಿಂತಿದ್ದರು. ಯಾರೂ ಒಳಗೆ ಹೋಗುತ್ತಿರಲಿಲ್ಲ. ಒಳಗಿಂದ ಸದ್ದೇ ಇರಲಿಲ್ಲ.

ನಾಗಮಣಿ ಒಬ್ಬಳೇ ಒಂದು ಸಾಲು ಹಿಪ್ಪುನೇರಳೆ ಬುಡಮಟ್ಟ ಕೊಯ್ದು ತಂದು ಹಣ್ಣು ಹುಳುಗಳ ಮೇಲೆ ಹೊರೆಗಟ್ಟಲೆ ಹೇರಿದ್ದಳು. "ತಿನ್ರವ್ವಾ, ತಿನ್ರವ್ವಾ" ಎನ್ನುತ್ತಿದ್ದಳು. ಹುಳುಗಳು ಸೊಪ್ಪಿನ ಸಂದಿಯಿಂದ ತಲೆ ಎತ್ತಿ ಆಡಿಸುತ್ತಿದ್ದವು, ತಿನ್ನುತ್ತಿರಲಿಲ್ಲ. ಅವಳ ಕೈಯಲ್ಲಿ ಕುಡುಗೋಲು. ಸಿದ್ದರಾಜು ಗೋಡೆಗೆ ಒತ್ತಿ ನಿಂತಿದ್ದ.

"ಅಗ್ಗ ತತ್ತಾರಲಾ, ಕಟ್ಟಾಕಿ" ಎಂದು ನಾಗಯ್ಯ ಕೂಗಿದ.

"ಅಗ್ಗ ತಂದ್ರೆ ನಿನ್ನೇ ಕಟ್ತೀನಿ" ಎಂದು ಪಟ್ಟಲಮ್ಮ ಕಾಲೂ ತೊಳೆಯದೆ ಒಳಗೆ ಹೋದಳು. ಅವಳಿಗೆ ಕಾಣುತ್ತಿತ್ತು, ಕೈಯಲ್ಲಿ ಕುಡುಗೋಲಿರುವುದೇ ಆ ಹುಡುಗಿಗೆ ನೆನಪಿರಲಿಲ್ಲ. ಮೂಲೆಯಲ್ಲಿ ಹುಳು ತಿಂದು ಉಳಿದ ಒಣ ಸೊಪ್ಪಿನ ಮಂಕರಿ ಇತ್ತು. ಅದನ್ನು ಎಳೆದುಕೊಂಡು ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಸೊಪ್ಪು ತಿಕ್ಕತೊಡಗಿದಳು. ಪರಪರ, ಪರಪರ, ಬಿಡುವಿಲ್ಲದೆ. ನಾಗಮಣಿ ತಲೆ ತಿರುಗಿಸಿದಳು. ಬಹಳ ಹೊತ್ತು ಕೇಳಿದಳು. ಕುಡುಗೋಲು ಜಾರಿ ಬಿತ್ತು. ಬಂದು ಅತ್ತೆಯ ತೊಡೆಗೆ ಕಿವಿ ಇಟ್ಟು ಮಲಗಿದಳು.

ಆಟೋ ಬಂತು. ಹಣ್ಣು ಹುಳು ಕಾಯುವುದಿಲ್ಲ. "ನೀ ಓಗಿರವ್ವ, ಉಳನ ಚಂದ್ರಿಕೆಗೆ ಏರಿಸ್ಬುಟ್ಟು ಬತ್ತೀನಿ" ಎಂದ ಸಿದ್ದರಾಜು. ಮಂಡ್ಯದ ತನಕ ಪಟ್ಟಲಮ್ಮ ಮಡಿಲಲ್ಲಿ ಒಣ ಸೊಪ್ಪು ಇಟ್ಟುಕೊಂಡು ತಿಕ್ಕುತ್ತಲೇ ಇದ್ದಳು. ಅಂಗೈ ಸುಲಿದಿತ್ತು.

ಆಸ್ಪತ್ರೆಯಲ್ಲಿ ಮೊದಲು ಸೂಜಿ ಹಾಕಿದರು. ನಾಗಮಣಿ ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಗೂಡು ಮಾರಿದ ಮೇಲೆ ಸಿದ್ದರಾಜು ಬಂದ, ಹೊಸ ಅಂಗಿ ತೊಟ್ಟು, ಹೆಂಡತಿಗೆ ಕಿತ್ತಳೆ ಹಣ್ಣು ಹಿಡಿದು. ಅವಳ ತಲೆ ಸವರಿ ಅತ್ತ. ಆಮೇಲೆ ತಾಯಿಯನ್ನು ಮಂಚದಿಂದ ಒಂದಿಷ್ಟು ಆಚೆ ಕರೆದ.

"ಇಂಥಾ ಗೂಡು ಮಾರ್ಕೆಟ್ನಲ್ಲಿ ಯಾರೂ ತಂದಿರ್ನಿಲ್ಲ ಕಣವ್ವ. ನಾಗಯ್ಯ ಯೋಳಿದ್ದು ಸುಳ್ಳಲ್ಲ. ಅವಳು ಮಾತ್ರೆ ತಕ್ಕಂಡು ಚೆಂದಾಗಿರ್ಲಿ. ಉಳದ್ ಮನೆ ಕಡೆ ಮಾತ್ರ ಇನ್ ಬ್ಯಾಡ. ಸೋಮವಾರ ಮರಿ ಉಳ ಬತ್ತವೆ."

"ಮಾತ್ರೆ ನುಂಗ್ಕಂಡೇ ಮೂರು ಬೆಳೆ ಎತ್ತುದ್ಲಲ್ಲೋ?"

"ಈ ಬೆಳೆ ನೀನೇ ನೋಡ್ದೆಯಲ್ಲವ್ವ" ಎಂದ ಅವನು, ಮೆತ್ತಗೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಪಟ್ಟಲಮ್ಮ ತಿರುಗಿದಾಗ ನಾಗಮಣಿಯ ಕಣ್ಣು ತೆರೆದಿತ್ತು. ನರ್ಸಮ್ಮ ಬಂದು ಮೊದಲ ಮಾತ್ರೆಯನ್ನು ಅವಳ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು, ನುಂಗಿಸಿ ಎಂದು ಪಟ್ಟಲಮ್ಮನಿಗೆ ಹೇಳಿ ಮುಂದಿನ ಮಂಚಕ್ಕೆ ಹೋದಳು. ದೂರದಲ್ಲೆಲ್ಲೋ ರೈಲು ಹಾಯುತ್ತಿರಬೇಕು. ಸದ್ದು ವಾರ್ಡಿನ ತನಕ ಬರಲಿಲ್ಲ. ನಾಗಮಣಿ ಕಿಟಕಿಯ ಕಡೆ ಒಮ್ಮೆ ನೋಡಿದಳು. ಮಾತ್ರೆಯನ್ನು ನೋಡಿದಳು. ಕೈ ಇನ್ನೂ ನಡುಗುತ್ತಿರಲಿಲ್ಲ.

"ಇದ ನುಂಗುದ್ರೆ, ಮುಂದ್ಲ ಬೆಳೇಲಿ ನನ್ನ ಒಳಕ್ಕೆ ಬುಡ್ತೀರಾ ಅತ್ತೆ?"