ವೈಫೈಗೆ ಇಟ್ಟ ಹೆಸರು

ಅಂಕಲಿಯ ಈ ಮನೆಗೆ ವೈಫೈ ಬಂದದ್ದು ಮಳೆಗಾಲದಲ್ಲಿ, ಕೃಷ್ಣೆ ಏರತೊಡಗಿದ್ದ ವಾರ. ಮೊಮ್ಮಕ್ಕಳು ನೀವಿಬ್ಬರೂ ಆಗ ಹಾರೂಗೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದಿರಿ. ಇಲ್ಲಿ ನಾನು, ನಿಮ್ಮಪ್ಪ, ನಿಮ್ಮವ್ವ ಮೂವರೇ.

ನಿಮ್ಮಪ್ಪ ನಡುಮನೆಯ ಗೋಡೆಗೆ ಎರಡು ಕೋಡಿನ ಬಿಳಿ ಪೆಟ್ಟಿಗೆ ಕೂಡಿಸಿ, ಕರೆಂಟು ಹೋದರೂ ನಡೆಯಲೆಂದು ಅದನ್ನೂ ಸೌಂಡ್ ಬಾಕ್ಸನ್ನೂ ಇನ್ವರ್ಟರಿಗೆ ಜೋಡಿಸಿದ. ಕಂಪ್ಯೂಟರು, ಟೀವಿ, ಸೌಂಡ್ ಬಾಕ್ಸು ಎಲ್ಲಕ್ಕೂ ವೈರಿಲ್ಲದೆ ನಂಟು ಬೆಸೆದ. ಕಂಪ್ಯೂಟರಿನಲ್ಲಿದ್ದ ನಿಮ್ಮ ಜಾವಳದ ಫೋಟೊಗಳು ಟೀವಿಯಲ್ಲಿ ಬಂದವು. ಖುಷಿಯಾಯಿತು. ಆಮೇಲೆ ಪರದೆಯ ಮೇಲೆ ಕನ್ನಡದಲ್ಲಿ ಒಂದು ಹೆಸರು ಮೂಡಿತು. ನಿಮ್ಮಜ್ಜನದು.

"ವೈಫೈಗೆ ಅಪ್ಪನ ಹೆಸರ ಇಟ್ಟೀನಿ ಯವ್ವಾ. ಓದ ನೋಡೂಣು."

ನಾನು ಸೆರಗು ಬಾಯಿಗೆ ಹಿಡಿದೆ.

"ಅತ್ತಿ ಎಲ್ಲಿ ಓದ್ತಾರ? ಮದವ್ಯಾಗ ಒಡಪ ಹಾಕಿ ಒಮ್ಮೆ ಹೇಳ್ಯಾರಂತ, ಅಷ್ಟ!" ಎಂದು ನಿಮ್ಮವ್ವ ನಕ್ಕಳು.

ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ ಬಿಟ್ಟರೆ ಗಂಡನ ಹೆಸರನ್ನು ನಾವು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ಹೋದ ಮೇಲೂ ನಾನು ಹೇಳಿಲ್ಲ. ಈಗ ಅದು ಓಣಿಯಲ್ಲಿ ನಿಂತವರ ಫೋನಿನಲ್ಲೂ ಕಾಣುತ್ತಿತ್ತು. ಪೆಟ್ಟಿಗೆ ತುಸು ತಡವರಿಸಿದರೆ ಟೀವಿಯಲ್ಲಿ ಅವರ ಹೆಸರು, ಅದರ ಕೆಳಗೆ 'ಸಂಪರ್ಕ ಕಡಿದಿದೆ'. ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ.

"ಆ ಹೆಸರ ಬ್ಯಾಡೋ, ತಗಿ."

"ಇರಲಿ ಬಿಡ ಬೇ. ಮನ್ಯಾಗ ಅಪ್ಪ ಇದ್ದಂಗ ಆಕ್ಕೈತಿ."

ಅವನ ಫೋನು ಅಂಗಳಕ್ಕೆ ಬಂದ ಕೂಡಲೇ ಸೌಂಡ್ ಬಾಕ್ಸು 'ಟಿಣ್' ಅನ್ನುವಂತೆಯೂ ಮಾಡಿದ್ದ. ಅದನ್ನು ಕೇಳಿ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ನಾಲ್ಕು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಬಂತು. ಹೊಳೆದಂಡೆಯಲ್ಲಿದ್ದ ನಮ್ಮ ಮೋಟಾರು ಮುಳುಗುವ ಮೊದಲು ಎತ್ತಿ ತರಲು ನಿಮ್ಮಪ್ಪ ಹೋದ. ನಿಮ್ಮಜ್ಜನೂ ಇದೇ ಕೆಲಸಕ್ಕೆ ಇದೇ ದಂಡೆಗೆ ಹೋಗಿದ್ದರು. ಅವತ್ತು ಮೊದಲು ಮನೆಗೆ ಬಂದದ್ದು ಅವರ ಚಪ್ಪಲಿ, ಇನ್ನೊಬ್ಬರ ಕೈಯಲ್ಲಿ.

ನಿಮ್ಮವ್ವ ಮತ್ತೆ ಮತ್ತೆ ಫೋನು ಹಚ್ಚಿದಳು. ಹತ್ತಲಿಲ್ಲ. ಕರೆಂಟು ಹೋಯಿತು. ಪೆಟ್ಟಿಗೆಯ ಹಸಿರು ದೀಪ ಮಾತ್ರ ಮಿಣುಕುತ್ತಿತ್ತು. ಇಬ್ಬರೂ ಸೌಂಡ್ ಬಾಕ್ಸಿನ ಮುಂದೆ ಕೂತೆವು, ದೇವರ ಮುಂದೆ ಕೂತಂತೆ.

ಹೊತ್ತು ಮುಳುಗುವಾಗ ಅದು 'ಟಿಣ್' ಅಂದಿತು.

"ಬಂದ್ರು!" ಎಂದು ನಿಮ್ಮವ್ವ ಒಲೆಯ ಕಡೆ ಓಡಿದಳು. ನಾನು ಬಾಗಿಲು ತೆಗೆದೆ. ನಿಂತಿದ್ದವನು ಬಾಜೂ ಮನೆಯ ನನ್ನ ಮೈದುನ. ಮೊಣಕಾಲಿನತನಕ ಕೆಸರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಿಮ್ಮಪ್ಪನ ಫೋನು.

ಗಂಡನ ಕಡೆಯವನೆಂಬ ಸಂಕೋಚಕ್ಕೆ ನಾನು ಅವನ ಮುಖ ನೋಡಿ ಎಂದೂ ಮಾತಾಡಿದವಳಲ್ಲ. ಅವತ್ತು ಅವನ ತೋಳು ಹಿಡಿದೆ.

"ಅಂವ ಎಲ್ಲಿ?"

"ದಂಡಿ ಮ್ಯಾಲ ಅದಾನ್ರಿ ವೈನಿ. ನೀರಾಗ ಇಳಿಯೂಮುಂದ ಫೋನ್ ನನ್ನ ಕಡೆ ಕೊಟ್ಟಿದ್ದ. ಮೋಟಾರ ಮ್ಯಾಲ ಬಂದೈತಿ, ಟ್ರಾಲಿಗೆ ಕಟ್ಟಾಕ ಹಗ್ಗ ಬೇಕಂತ. ಲಗೂ ಕೊಡ್ರಿ."

"ಖರೆ ಹೇಳು."

"ನನ್ನ ಮಕ್ಕಳಾಣಿಗೂ ಖರೆ ರೀ!"

ಹಗ್ಗ ಕೊಟ್ಟೆ. ಆದರೆ ಹಿಂದೆ ನಿಮ್ಮಜ್ಜನ ಚಪ್ಪಲಿ ತಂದವರೂ "ಬರ್ತಾನ ತಗೋರಿ" ಎಂದೇ ಹೇಳಿದ್ದರು. ಟ್ರಾಲಿಯ ಸದ್ದಿನ ಹಿಂದೆ ನಿಮ್ಮಪ್ಪ ತೊಯ್ದ ಮೈಯಲ್ಲಿ ನಡೆದು ಬರುವತನಕ ನಾನು ಹೊಸ್ತಿಲು ಬಿಡಲಿಲ್ಲ.

ತಲೆ ಒರೆಸುತ್ತ ನನ್ನ ಮುಖ ನೋಡಿದ. ಒಳಗೆ ಹೋಗಿ ಹೆಸರು ಬದಲಿಸಿದ. ಈಗ ನಮ್ಮ ವೈಫೈ ಹೆಸರು ಬರೀ 'ಮನಿ'.

ಹಳೆಯ ಹೆಸರು ನನ್ನ ಫೋನಿನಲ್ಲಿ ಇನ್ನೂ ಇದೆ. ಅದರ ಕೆಳಗೆ 'ಉಳಿಸಲಾಗಿದೆ, ವ್ಯಾಪ್ತಿಯಲ್ಲಿ ಇಲ್ಲ' ಎಂದು ಬರುತ್ತದೆ. ಮುಟ್ಟಿದರೆ 'ಮರೆತುಬಿಡಿ' ಎಂಬ ಗುಂಡಿ ಕಾಣುತ್ತದೆ. ಆಟಕ್ಕೆಂದು ನನ್ನ ಫೋನು ತೆಗೆದುಕೊಂಡಾಗ ಅದನ್ನು ಒತ್ತಬೇಡಿ. ಹೊಳೆ ಪ್ರತಿ ವರ್ಷವೂ ಏರುತ್ತದೆ. ನಿಮ್ಮಪ್ಪ ದಂಡೆಗೆ ಹೋದಾಗ ನಾನು ಆ ಹೆಸರು ತೆಗೆದು ಹಿಡಿದು ಕೂರುತ್ತೇನೆ.